ಅಕ್ಕನ ಸೀರೆ ಉಟ್ಟು ಹಾಲು ಕರೆದ ದಿನಗಳು

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಕರೆಂಟು ಹೋಯಿತು. ಅಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಆಗತಾನೇ ಫೋನನ್ನು ಚಾರ್ಜಿಗೆ ಹಾಕಿದ್ದೆ. ಹಾಕಿ ಕೈ ತೆಗೆಯುವಷ್ಟರಲ್ಲಿ ಫ್ಯಾನು ನಿಧಾನವಾಯಿತು, ಹಿತ್ತಲಿನಲ್ಲಿ ಹುಲ್ಲು ಕತ್ತರಿಸುವ ಮಿಷನ್ನಿನ ಸದ್ದು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನೊಳಗೆ ಬಂದರೆ ಸಾಕು ಎಂದುಕೊಂಡು ಗಂಟೆ ನೋಡಿದೆ. ಆಮೇಲೆ ಆ ನಾಲ್ಕು ಹನ್ನೆರಡು ನನ್ನ ತಲೆಯೊಳಗೆ ಎಷ್ಟು ಸಲ ಬಂದುಹೋಯಿತೋ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ಬಂತು.

ನಮ್ಮದು ಮದ್ದೂರು ಕಡೆಯ ಕೊಪ್ಪದ ಪಕ್ಕದ ಊರು. ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಬೆಳಿಗ್ಗೆ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಳವಳ್ಳಿಗೆ ಇನ್ನೊಂದು. ಅವತ್ತು ಶನಿವಾರವಾದ್ದರಿಂದ ಬೇಗ ಮನೆಗೆ ಬಂದಿದ್ದೆ. ಮಿಷನ್ನು ನಮ್ಮದೇ, ಆದರೆ ಅದರ ಮುಂದೆ ನಿಂತಿದ್ದವಳು ಪಕ್ಕದ ಮನೆಯ ಅಕ್ಕ. ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆಯೊಂದಿದೆ. ನಾನು ಮದುವೆಯಾಗಿ ಈ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಆ ಗೋಡೆಯ ಮೇಲಿಂದ ಒಂದು ಲೋಟ ಗಿಣ್ಣು ದಾಟಿಸಿ, "ತಿನ್ನವ್ವ, ಮಂಡ್ಯದೋರು ಬರೀ ಪಾಕೀಟ್ ಆಲು ಕುಡ್ದು ಬೆಳ್ದಿರ್ತೀರ" ಎಂದು ನಕ್ಕವಳು. ಸ್ವಂತ ಅಕ್ಕ ಇಲ್ಲದ ನನಗೆ ಅವತ್ತಿನಿಂದ ಅವಳೇ ಅಕ್ಕ.

ಅಕ್ಕನ ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ. ಒಬ್ಬಳೇ ಮಗಳನ್ನು ಕೊತ್ತತ್ತಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಈಗ ಅಕ್ಕ, ಅಕ್ಕನ ಅತ್ತೆ, ಒಂದು ಸೀಮೆಹಸು, ಅದರ ಕರು. ಆ ಹಸುವಿನ ಹಾಲಿನಿಂದಲೇ ಮನೆ ನಡೆಯುತ್ತಿತ್ತು. ದಿನಾ ಸಂಜೆ ಅಕ್ಕ ಗದ್ದೆಯ ಬದುವಿನಿಂದ ಸೀಮೆಹುಲ್ಲಿನ ಹೊರೆ ತಂದು ನಮ್ಮ ಮಿಷನ್ನಿನಲ್ಲಿ ಕತ್ತರಿಸಿಕೊಂಡು ಹೋಗುತ್ತಿದ್ದಳು. ಕತ್ತರಿಸಿ ಮುಗಿದ ಮೇಲೆ ನಮ್ಮ ಹಸುವಿಗೂ ಎರಡು ಮಂಕರಿ ಹುಲ್ಲು ಹಾಕಿಯೇ ಹೊರಡುವಳು.

"ಕರೆಂಟೋಯ್ತಲ್ಲ ಕಣವ್ವಾ! ಸ್ವಿಚ್ಚು ಆಫ್ ಮಾಡ್ಬುಡ್ಲಾ?" ಅಕ್ಕ ಹಿತ್ತಲಿನಿಂದ ಕೂಗಿದಳು.

ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ತಲೆ ಎತ್ತದೆಯೇ ಕೂಗಿದೆ. "ಬ್ಯಾಡ ಬುಡಕ್ಕ, ಆನಲ್ಲೇ ಇರ್ಲಿ. ಬಂದ್ರೆ ಸದ್ದಿಗೆ ಗೊತ್ತಾಯ್ತದೆ!"

ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಕರೆಂಟು ಹೋದರೆ ಯಾರೂ ಸ್ವಿಚ್ಚು ಆರಿಸುವುದಿಲ್ಲ. ಗದ್ದೆಯ ಪಂಪು, ಅಡುಗೆಮನೆಯ ಮಿಕ್ಸಿ, ಹಿಟ್ಟಿನ ಗಿರಣಿ ಎಲ್ಲವೂ ಆನ್ ಆಗಿಯೇ ಕಾಯುತ್ತಿರುತ್ತವೆ. ಬಂದ ಕರೆಂಟಿನ ಒಂದು ನಿಮಿಷವೂ ದಂಡವಾಗಬಾರದು, ಅಷ್ಟೇ. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದರು, ನನ್ನ ಗಂಡನೂ ಹಾಗೇ. ಅದರಲ್ಲಿ ಅಪಾಯವಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ನಾಲ್ಕೂವರೆ ದಾಟಿತ್ತು. ಮೊದಲು ತಲೆಯ ಮೇಲಿನ ಫ್ಯಾನು ತಿರುಗಿತು. ಹಾರಿಹೋಗುತ್ತಿದ್ದ ಕಾಗದಗಳ ಮೇಲೆ ಅಂಗೈ ಊರಿದೆ. ಹಿಂದೆಯೇ ಹಿತ್ತಲಿನಲ್ಲಿ ಮಿಷನ್ನು ಎದ್ದಿತು. ಅದರ ಜೊತೆಗೆ ಒಂದು ಕೂಗು.

ಅಕ್ಕ ಸುಮ್ಮನೆ ಕೂರುವವಳಲ್ಲ. ಕಾಯುವ ಹೊತ್ತಿನಲ್ಲಿ, ಮಿಷನ್ನಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಹಸಿ ಹುಲ್ಲಿನ ಗಂಟನ್ನು ಎಳೆದು ತೆಗೆಯಲು ಬಲಗೈ ಹಾಕಿದ್ದಳು. ಹುಲ್ಲನ್ನು ಒಳಕ್ಕೆ ಎಳೆದುಕೊಳ್ಳುವ ಉರುಳೆಗಳು ಕೈಯನ್ನೂ ಎಳೆದುಕೊಂಡವು.

ಸ್ವಿಚ್ಚು ಕೊಟ್ಟಿಗೆಯ ಕಂಬದಲ್ಲಿತ್ತು. ನಾನು ಓಡಿದ್ದು, ಆರಿಸಿದ್ದು, ಚಕ್ರವನ್ನು ಹಿಂದಕ್ಕೆ ತಿರುಗಿಸಿದ್ದು, ಎಲ್ಲವೂ ಬೇರೆ ಯಾರೋ ಮಾಡಿದ ಹಾಗೆ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದು ಒಂದೇ. ಕೈಗೆ ಟವೆಲ್ಲು ಸುತ್ತುತ್ತಿದ್ದಾಗ ಅಕ್ಕ ಅಳಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಕಾಲನ್ನೇ ನೋಡುತ್ತ, "ಚಪ್ಲಿ ಆಕ್ಕಳವ್ವ, ಕೂಳೆ ಚುಚ್ತದೆ" ಎಂದಳು.

ಗೋಡೆಯಾಚೆಯಿಂದ ಅಜ್ಜಿ, ಅಂದರೆ ಅಕ್ಕನ ಅತ್ತೆ, "ಏನಾಯ್ತ್ರೇ? ಏನಾಯ್ತು?" ಎಂದು ಕೂಗುತ್ತಲೇ ಇದ್ದಳು. ನಾನು ಅಕ್ಕನನ್ನು ತಬ್ಬಿಕೊಂಡು ರಸ್ತೆಗೆ ಓಡಿದೆ.

ಮದ್ದೂರಿನ ಕಡೆಗೆ ಒಂದು ಲಗೇಜ್ ಆಟೋ ಬರುತ್ತಿತ್ತು, ತುಂಬ ಎಳನೀರು. ಓಡಿಸುತ್ತಿದ್ದವನು ಯಾವೂರವನೋ ಗೊತ್ತಿಲ್ಲ. ನಮ್ಮನ್ನು ಕಂಡು ನಿಲ್ಲಿಸಿ, ಟವೆಲ್ಲು ನೋಡಿದ. ಇಳಿದು ಹಿಂದಿನ ಹಲಗೆ ಬಿಚ್ಚಿ ಎಳನೀರಿನ ಗೊನೆಗಳನ್ನು ರಸ್ತೆ ಬದಿಗೆ ಎಳೆದು ಹಾಕತೊಡಗಿದ.

"ನಿಮ್ ಕಾಯಿ..." ಎಂದೆ.

"ಬಿದ್ದಿರ್ತವೆ ಬುಡಿ, ಎಲ್ಲೋದಾವು? ಹತ್ತಿ ಬೇಗ. ಅಕ್ಕೋ, ಅವರ್ ಕೈನ ಮ್ಯಾಲಕ್ಕೆತ್ತಿ ಇಡ್ಕಳಿ. ಎದೆಗಿಂತ ಕೆಳಕ್ ಬುಡ್ಬೇಡಿ."

ದಾರಿಯುದ್ದಕ್ಕೂ ಅಕ್ಕನ ತೋಳನ್ನು ಎತ್ತಿ ಹಿಡಿದುಕೊಂಡು ಕೂತಿದ್ದೆ. ನನ್ನ ಭುಜ ಸೋತು ನಡುಗಲು ಶುರುವಾದಾಗ ಅವನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಸೀಟಿನ ಪಕ್ಕದಲ್ಲಿದ್ದ ಗೋಣಿಚೀಲವನ್ನು ಮಡಚಿ ಹಿಂದಕ್ಕೆ ಎಸೆದ. "ಮೊಣಕೈ ಕೆಳಗೆ ಇಟ್ಕಳಿ." ಮದ್ದೂರಿನ ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿ, ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು. ನಾವು ಆಂಬುಲೆನ್ಸ್ ಹತ್ತುವವರೆಗೆ ಅವನು ಅಲ್ಲೇ ನಿಂತಿದ್ದ. ಎಷ್ಟೋ ದಿನದ ಮೇಲೆ ಡೇರಿಯ ಹತ್ತಿರ ಸಿಕ್ಕಾಗ ಹೇಳಿದ. ಅವತ್ತು ಹಿಂದಿರುಗಿ ಹೋಗಿ ನೋಡಿದರೆ ಯಾರೋ ಗೊನೆಗಳನ್ನೆಲ್ಲ ಹುಣಸೆಮರದ ಕೆಳಗೆ ಸಾಲಾಗಿ ಜೋಡಿಸಿ, ಬಿಸಿಲು ಬೀಳದ ಹಾಗೆ ಸೋಗೆ ಮುಚ್ಚಿಟ್ಟಿದ್ದರಂತೆ. "ಒಂದ್ ಕಾಯಿನೂ ಮುಟ್ಟಿರ್ನಿಲ್ಲ ಕಣಕ್ಕ. ಬ್ಯಾರೆ ದಿನ ಆಗಿದ್ರೆ ನಮ್ ಕಡೆ ಜನ ಮುಟ್ಟೇ ಮುಟ್ತಿದ್ರು" ಎಂದು ನಕ್ಕ.

ಮಂಡ್ಯದ ಆಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡು ಹೋದಮೇಲೆ ಬಾಗಿಲ ಹೊರಗೆ ನಿಂತಿದ್ದೆ. ನನ್ನ ಕಾಲಲ್ಲಿ ಚಪ್ಪಲಿ ಇಲ್ಲವೆಂದು ನನಗೆ ಆಗಲೂ ಗೊತ್ತಿರಲಿಲ್ಲ. ಅಲ್ಲೇ ಬೆಂಚಿನಲ್ಲಿ ಕೂತಿದ್ದ ಒಬ್ಬಾಕೆ ನನ್ನನ್ನು ತುಂಬ ಹೊತ್ತು ನೋಡುತ್ತಿದ್ದರು. ಕೆರಗೋಡಿನ ಕಡೆಯವರು. ಗಂಡನಿಗೆ ಆಪರೇಷನ್ ಆಗಿ ನಾಲ್ಕು ದಿನದಿಂದ ಅಲ್ಲೇ ಇದ್ದರು. ಎದ್ದು ಬಂದು ತಮ್ಮ ಚಪ್ಪಲಿಯನ್ನು ನನ್ನ ಕಾಲ ಮುಂದೆ ಬಿಟ್ಟರು.

"ಆಕ್ಕೊ."

"ನಿಮಗೆ?"

"ನಾನೆಲ್ಲಿಗ್ ಓಯ್ತೀನವ್ವ ಇಲ್ಲಿಂದ? ಆಕ್ಕೊ ಅಂದ್ರೆ ಆಕ್ಕೊ. ಔಸ್ದಿ ತರಕ್ಕೆ ನಾಕ್ ಸಲ ಓಡುಸ್ತಾರೆ ನಿನ್ನ, ಬರಿಗಾಲಲ್ ಓಯ್ತೀಯ?"

ಅವರು ಹೇಳಿದ್ದು ನಿಜವಾಯಿತು. ಆ ಸಂಜೆ ಆ ಚಪ್ಪಲಿಯಲ್ಲೇ ಔಷಧಿ ಅಂಗಡಿಗೆ ಐದು ಸಲ ಓಡಿದೆ. ಎರಡು ದಿನದ ಮೇಲೆ ವಾಪಸು ಕೊಡಲು ಹೋದಾಗ ಅವರು ಊರಿಗೆ ಹೊರಟುಹೋಗಿದ್ದರು. ಅವರು ಬರಿಗಾಲಲ್ಲಿ ಹೋದರೋ ಏನೋ.

ಅಕ್ಕನ ತೋರುಬೆರಳು ಮತ್ತು ನಡುಬೆರಳಿನ ತುದಿಗಳು ಉಳಿಯಲಿಲ್ಲ. ಹೆಬ್ಬೆರಳನ್ನು ಹೊಲಿದಿದ್ದರು. ಡಾಕ್ಟರು ಅಕ್ಕನ ಮಗಳನ್ನೂ ನನ್ನನ್ನೂ ಕರೆದು ಹೇಳಿದರು. "ಹೆಬ್ಬೆರಳಿನ ಒಳಗಡೆ ನರ ಜೋಡಿಸಿದ್ದೀವಿ. ಅದು ಕೂಡಿಕೊಂಡು ಬೆರಳು ಮಡಚಿದರೆ ಕೈ ಕೆಲಸಕ್ಕೆ ಬರುತ್ತೆ. ಮಡಚದೇ ಇದ್ದರೆ ಕಷ್ಟ. ಒಂದೂವರೆ ಎರಡು ತಿಂಗಳು ಹೋಗಲಿ, ಈಗಲೇ ಏನೂ ಹೇಳೋಕಾಗಲ್ಲ."

ಕೊತ್ತತ್ತಿಯ ಮಗಳು ಗೋಡೆಗೆ ಒರಗಿ ಅತ್ತಳು. ಹಾಲು ಕರೆಯುವವರಿಗೆ ಹೆಬ್ಬೆರಳು ಹಿಡಿಯದಿದ್ದರೆ ಮಿಕ್ಕ ಬೆರಳುಗಳಿದ್ದೂ ಪ್ರಯೋಜನವಿಲ್ಲ. ಹಸು ಮಾರಿಬಿಟ್ಟರೆ ಆ ಮನೆಯಲ್ಲಿ ಬೆಳಿಗ್ಗೆ ಎದ್ದು ಮಾಡುವುದಕ್ಕೇ ಏನೂ ಇರುವುದಿಲ್ಲ. ಅದು ನನಗೂ ಗೊತ್ತಿತ್ತು.

ಮಾರನೆಯ ದಿನ ಅಕ್ಕ ಮಾತಾಡುವಂತಾದಾಗ ಮಗಳು ಕೇಳಿದಳು. "ಕರೆಂಟೋದಾಗ ಆಫ್ ಮಾಡಕೇನಾಗಿತ್ತವ್ವ ನಿಂಗೆ?"

ನಾನು ಅಕ್ಕನ ಕಾಲ ಬಳಿ ನಿಂತಿದ್ದೆ. ಮಂಚದ ಕಾಲು ಹಿಡಿದುಕೊಂಡೆ.

"ಮರ್ತ್ಕಂಡೆ ಕಣೆ" ಎಂದಳು ಅಕ್ಕ. "ನನ್ ಬುದ್ದಿಗಷ್ಟು. ಯಾರ್ನೂ ಕೇಳ್ನೂ ಇಲ್ಲ, ಯಾರೂ ಯೋಳ್ನೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇವ್ಳು ಓಡ್ಬರ್ದೆ ಇದ್ದಿದ್ರೆ ಮೊಣಕೈ ಗಂಟ ಓಯ್ತಿತ್ತು" ಎಂದಳು.

ನಾನು ಬಾಯಿ ತೆರೆದೆ. ಅಕ್ಕ ಎಡಗೈ ಎತ್ತಿ, "ನೀರು ಕೊಡವ್ವ" ಎಂದಳು. ನೀರು ಕೊಟ್ಟೆ. ಆ ಮಾತು ಅಲ್ಲಿಗೇ ನಿಂತಿತು.

ಅಕ್ಕ ಕಟ್ಟಿದ ಕತೆ ನನಗಿಂತ ಮೊದಲು ಊರು ತಲುಪಿತ್ತು. ಬಸ್ಸಿನಿಂದ ಇಳಿದರೆ ಹೆಂಗಸರು ನನ್ನ ಕೈ ಹಿಡಿದುಕೊಂಡು, "ಓದ್ದೋಳು ಅಂದ್ರೆ ಇಂಗಿರ್ಬೇಕು, ಎದೆಗೆಡ್ನಿಲ್ಲ ನೋಡು" ಎನ್ನುವರು. ಪ್ರತಿ ಸಲವೂ ಏನೋ ನೆಪ ಹೇಳಿ ಕೈ ಬಿಡಿಸಿಕೊಂಡು ಹೊರಡುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ನನ್ನದೇ ದನಿ. ಬ್ಯಾಡ ಬುಡಕ್ಕ, ಆನಲ್ಲೇ ಇರ್ಲಿ. ಒಂದು ತಾಸು ನಿದ್ದೆ ಬಂದರೆ ಹೆಚ್ಚು.

ಇತ್ತ ಹಸುವಿನ ಪಾಡು ಬೇರೆ. ಅಕ್ಕ ಆಸ್ಪತ್ರೆ ಸೇರಿದ ಸಂಜೆಯಿಂದ ಅದು ಯಾರಿಗೂ ಹಾಲು ಕೊಡಲಿಲ್ಲ. ಗಂಡಸರನ್ನಂತೂ ಅದು ಮೊದಲಿನಿಂದಲೂ ಹತ್ತಿರ ಸೇರಿಸುವುದಿಲ್ಲ. ನನ್ನ ಗಂಡ ನಮ್ಮ ಹಸುವನ್ನು ಕರೆಯುವುದರಲ್ಲಿ ನಿಸ್ಸೀಮ. ಅವರು ಹೋಗಿ ಮಂಡಿಗೆ ಒದೆಸಿಕೊಂಡು ಕುಂಟುತ್ತ ಬಂದರು. ಬೀದಿಯ ಇಬ್ಬರು ಹೆಂಗಸರು ಸರದಿಯಲ್ಲಿ ಪ್ರಯತ್ನಿಸಿದರು. ಕರು ಬಿಟ್ಟು ಎಳೆದುಕೊಂಡರೂ ಹಾಲಿಳಿಸಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಗೋಡೆ ದಾಟಿಕೊಂಡು ಹೋಗಿ, "ಅಜ್ಜಿ, ನಾನು ಕರೀತೀನಿ" ಎಂದೆ.

ಅಜ್ಜಿಯ ಬೆರಳುಗಳು ವಾತಕ್ಕೆ ಸೊಟ್ಟಗಾಗಿ ವರ್ಷಗಳಾಗಿವೆ. ನಾಲಿಗೆ ಮಾತ್ರ ನೆಟ್ಟಗಿದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾವತ್ತಾರ ಕರ್ದಿದೀಯ?"

"ಎರಡ್ ಸಲ. ನಮ್ಮನೇಲಿ."

"ಎಲ್ಡ್ ಸಲ! ಟೀಚ್ರಮ್ಮ ಎಲ್ಡ್ ಸಲ ಕರ್ದವ್ರಂತೆ, ಕೇಳುದ್ಯ?" ಎಂದು ಹಸುವಿಗೆ ಹೇಳಿದಳು. ಹಸು ಕಿವಿ ಅಲ್ಲಾಡಿಸಿತು. ನಾನು ಕೂತೆ. ಬಕೆಟ್ಟು ಒಂದು ಕಡೆ, ನಾನು ಒಂದು ಕಡೆ ಹೋಗಿ ಬಿದ್ದೆವು. ಎದ್ದು ಸೀರೆ ಕೊಡವಿಕೊಂಡು ಮತ್ತೆ ಕೂತೆ. ಮತ್ತೆ ಒದೆಯಿತು.

ಸಂಜೆ ಮತ್ತೆ ಹೋದೆ. ಅಜ್ಜಿ ಒಳಗೆ ಹೋಗಿ, ಅಕ್ಕ ಕೊಟ್ಟಿಗೆಗೆಂದೇ ಇಟ್ಟುಕೊಂಡಿದ್ದ ಹಳೆಯ ಸೀರೆಯೊಂದನ್ನು ಗೂಟದಿಂದ ಎಳೆದು ತಂದು ನನ್ನ ಮೇಲೆ ಎಸೆದಳು. ಒಗೆದಿರಲಿಲ್ಲ. ಹುಲ್ಲು, ಸಗಣಿ, ಹರಳೆಣ್ಣೆ, ಹಾಲು, ಬೆವರು ಎಲ್ಲ ಸೇರಿದ ವಾಸನೆ.

"ಉಟ್ಕೊ."

"ಅಸ ಮೋಸೋಯ್ತದಾ ಅಜ್ಜಿ?"

"ಅಸ ಮೋಸೋಗಲ್ಲ. ಅದುಕ್ಕೂ ಒಂದ್ ನೆಪ ಬೇಕು, ಉಟ್ಕೊ."

ಉಟ್ಟುಕೊಂಡೆ. ಅಜ್ಜಿ ನನ್ನ ಹಿಂದೆ ಬಂದು ನನ್ನ ಎರಡೂ ಭುಜಗಳ ಮೇಲೆ ತನ್ನ ಸೊಟ್ಟ ಕೈಗಳನ್ನಿಟ್ಟು, ಅಕ್ಕನ ದನಿಯಲ್ಲಿ ಹಸುವನ್ನು ಮಾತಾಡಿಸಲು ಶುರು ಮಾಡಿದಳು. "ನಿಲ್ಲವ್ವ... ನನ್ ಬಂಗಾರಿ... ಕಾಲಿಡವ್ವ..." ಸೊಸೆಯನ್ನು ದಿನಕ್ಕೆ ಹತ್ತು ಸಲ ಗದರುವ ಅತ್ತೆಗೆ ಸೊಸೆಯ ದನಿ ಅಷ್ಟು ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಸು ಕತ್ತು ತಿರುಗಿಸಿ ಸೆರಗನ್ನು ಮೂಸಿತು. ನನ್ನ ಮುಖ ನೋಡಿತು. ಅಕ್ಕನಲ್ಲ ಎಂದು ಅದಕ್ಕೆ ಖಂಡಿತ ಗೊತ್ತಾಯಿತು. ಆದರೂ ಒಂದು ಉಸಿರು ಬಿಟ್ಟು ನಿಂತುಕೊಂಡಿತು. ಕೆಚ್ಚಲು ಮೆತ್ತಗಾಗಿ ಹಾಲಿಳಿಯಿತು.

ಬಕೆಟ್ಟಿನ ತಳ ಮುಚ್ಚುವಷ್ಟು ಬಂತು. ಮುಂಗೈ ಉರಿಯುತ್ತಿತ್ತು. ಅಜ್ಜಿ ಇಣುಕಿ ನೋಡಿ, "ಎಮ್ಮೆ ಮಾಡವ್ಳಂತೆ ಎಮ್ಮೆ, ಅಸೀನ ಕರ್ಯಕ್ ಬರಲ್ಲ" ಎಂದಳು. ಎಂ.ಎ. ಮಾಡಿದ್ದೇನೆಂದು ಗೊತ್ತಿದ್ದೂ ಅಜ್ಜಿ ಅದನ್ನು ಯಾವತ್ತೂ ಹಾಗೆಯೇ ಅನ್ನುವುದು. ಶನಿವಾರದಿಂದೀಚೆಗೆ ಮೊದಲ ಸಲ ನನಗೆ ನಗು ಬಂತು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಐದೂವರೆಗೆ, ಸಂಜೆ ಐದಕ್ಕೆ, ಅಕ್ಕನ ಸೀರೆ ಉಟ್ಟು ಕೂರುತ್ತಿದ್ದೆ. ಸಂಜೆ ಹೊತ್ತಿಗೆ ಊರು ಸೇರುವಂತೆ ಕಾಲೇಜಿನಲ್ಲಿ ಕೊನೆಯ ಪೀರಿಯಡ್ಡನ್ನು ಬೆಳಿಗ್ಗೆಗೆ ಹಾಕಿಸಿಕೊಂಡೆ. ಕಾರಣ ಹೇಳಬೇಕಾಗಿ ಬಂದಾಗ, ಹಸು ಕರೆಯಬೇಕು ಎಂದೆ. ನನ್ನ ಬದಲಿಗೆ ಆ ಪೀರಿಯಡ್ಡು ತೆಗೆದುಕೊಂಡ ಸಹೋದ್ಯೋಗಿ, ಆರು ತಿಂಗಳಿಂದ ನನ್ನೊಡನೆ ಯಾವುದೋ ಸಣ್ಣ ಜಗಳಕ್ಕೆ ಮಾತು ಬಿಟ್ಟಿದ್ದವರು, "ಎಷ್ಟು ದಿನ ಬೇಕಾದರೂ" ಎಂದಷ್ಟೇ ಹೇಳಿ ಟೈಮ್ ಟೇಬಲ್ಲಿನಲ್ಲಿ ತಮ್ಮ ಹೆಸರು ಬರೆದುಕೊಂಡರು.

ತರಗತಿಯಲ್ಲಿ ಒಂದು ದಿನ ಪಾಠದ ನಡುವೆ ಕರೆಂಟು ಹೋಯಿತು. ಹಾಗೇ ಪಾಠ ಮುಂದುವರಿಸಿದೆ. ಹತ್ತು ನಿಮಿಷದ ಮೇಲೆ ಫ್ಯಾನುಗಳು ಒಮ್ಮೆಲೇ ತಿರುಗಿದವು. ನನ್ನ ಕೈಯಿಂದ ಚಾಕ್‌ಪೀಸು ಬಿತ್ತು. ಮೇಜು ಹಿಡಿದುಕೊಂಡೆ. ಬಾಯಿಂದ ಸದ್ದೂ ಹೊರಟಿತೇನೋ, ಮಕ್ಕಳೆಲ್ಲ ನನ್ನನ್ನೇ ನೋಡಿದರು. "ಏನಿಲ್ಲ" ಎಂದು ಹೇಳಿ ಪಾಠ ಮುಗಿಸಿ ಹೊರಟುಬಿಟ್ಟೆ. ನಾಚಿಕೆಯಾಗಿತ್ತು.

ಮುಂದಿನ ವಾರ ಮತ್ತೆ ಕರೆಂಟು ಹೋಯಿತು. ಸ್ವಿಚ್ ಬೋರ್ಡಿನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹುಡುಗಿ ಪೆನ್ನು ಕೆಳಗಿಡದೆ, ಎಡಗೈ ಚಾಚಿ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದಳು. ಕಾರಿಡಾರಿನ ದೀಪ ಹತ್ತಿ ಕರೆಂಟು ಬಂದದ್ದು ತಿಳಿದಮೇಲೆ, ನಾನು ಬೋರ್ಡಿನ ಕಡೆ ತಿರುಗಿದ್ದಾಗ, ಒಂದೊಂದೇ ಫ್ಯಾನನ್ನು ರೆಗ್ಯುಲೇಟರ್ ಒಂದಕ್ಕಿಟ್ಟು ಹಾಕಿದಳು. ಗಾಳಿ ಬಂದದ್ದೇ ಗೊತ್ತಾಗಲಿಲ್ಲ. ಆಕಸ್ಮಿಕ ಇರಬೇಕೆಂದುಕೊಂಡೆ. ಆದರೆ ಆ ಹುಡುಗಿ ರಜೆ ಹಾಕಿದ ದಿನ ಆ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು. ಅವಳೂ ಹಾಗೇ ಮಾಡಿದಳು.

ಆಸ್ಪತ್ರೆ ಸೇರಿದ ಒಂಬತ್ತು ದಿನದ ಮೇಲೆ ಅಕ್ಕ ಮನೆಗೆ ಬಂದಳು. ಕೈಗೆ ಇಷ್ಟು ದಪ್ಪ ಕಟ್ಟು. ನೋಡಲು ಬಂದವರಲ್ಲಿ ಒಬ್ಬರಾದರೂ "ತೋರ್ಸು" ಎನ್ನಲಿಲ್ಲ. ಬದನೆಕಾಯಿ ಬೆಲೆ, ಯಾರದೋ ಮಗಳ ನಿಶ್ಚಿತಾರ್ಥ, ನಾಲೆಗೆ ನೀರು ಬಿಡುವುದು, ಇವನ್ನೇ ಮಾತಾಡಿದರು. ಅಕ್ಕನಿಗೆ ತಲೆ ಬಾಚಿಕೊಳ್ಳಲು ಆಗುವುದಿಲ್ಲ ಎಂದು ಅರಿತ ಎದುರು ಮನೆಯಾಕೆ, "ನಂಗೆ ಜಡೆ ಎಣೆಯೋದ್ ಮರ್ತೇ ಓಗದೆ, ಇರು ನಿಂಗಾಕಿ ಕಲಿತೀನಿ" ಎಂದು ಬಂದು ಕೂತಳು. ಮೂರು ಹೆಣ್ಣುಮಕ್ಕಳಿಗೆ ಜಡೆ ಹಾಕಿ ಮದುವೆ ಮಾಡಿದವಳು!

ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸಾಲಿರುತ್ತದೆ. ಮೊದಲು ಬಂದವರು ಮೊದಲು. ಜಾಗಕ್ಕಾಗಿ ದಿನಾ ಒಂದು ಸಣ್ಣ ರಾಮಾಯಣ. ಅಕ್ಕ ಯಾವಾಗಲೂ ನಾಲ್ಕನೆಯವಳು. ಮದ್ದೂರಿನ ಬಸ್ಸು ಹಿಡಿಯುವ ಅವಸರದಲ್ಲಿ ನಾನು ತಡವಾಗಿ ಅಕ್ಕನ ಕ್ಯಾನು ಹಿಡಿದು ಓಡಿಹೋದರೆ, ನಾಲ್ಕನೆಯ ಜಾಗದಲ್ಲಿ ಒಂದು ಕಲ್ಲಿರುತ್ತಿತ್ತು. ನಾನು ಬಂದ ಕೂಡಲೇ ಯಾರಾದರೂ ಕಾಲಿನಿಂದ ಕಲ್ಲನ್ನು ಪಕ್ಕಕ್ಕೆ ತಳ್ಳುವರು. ಹಾಲು ಅಳೆಯುವವನು ಮಾತ್ರ, "ಟೀಚ್ರಮ್ಮ, ನಿಮ್ಗೆ ಹಾಜರಿ ಆಕ್ಬೇಕಾ, ಲೇಟ್ ಅಂತ ಬರೀಬೇಕಾ?" ಎಂದು ರೇಗಿಸುವನು.

ಆರನೆಯ ವಾರಕ್ಕೆ ಕಟ್ಟು ಬಿಚ್ಚಿದರು. ಹೆಬ್ಬೆರಳು ಇತ್ತು, ಆದರೆ ಮರದ ತುಂಡಿನಂತೆ ನೆಟ್ಟಗೆ ನಿಂತಿತ್ತು. ದಿನಾ ಬಿಸಿನೀರಿನಲ್ಲಿಟ್ಟು ಮಡಚುವ ಅಭ್ಯಾಸ ಮಾಡಬೇಕೆಂದರು. ಅಕ್ಕ ಬಿಸಿ ರಾಗಿಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಅಮುಕುತ್ತಿದ್ದಳು. ಬೆಳಿಗ್ಗೆ ಗೋಡೆಯ ಮೇಲಿಂದ ಕೈ ಎತ್ತಿ ತೋರಿಸುವಳು. "ಎಬ್ಬೆಟ್ಟಪ್ಪ ಇವತ್ತೂ ರಜ ಆಕವ್ನೆ ಕಣವ್ವ."

"ನಾಳೆ ಬತ್ತಾನೆ ಬುಡಕ್ಕ."

"ಸರ್ಕಾರಿ ನೌಕರ ಇರ್ಬೇಕು" ಎನ್ನುವಳು. ನಗುತ್ತಿದ್ದಳು. ಆದರೆ ಒಂದು ಸಂಜೆ ನಾನು ಕೊಟ್ಟಿಗೆಗೆ ಹೋದಾಗ ಹಸುವಿನ ಕುತ್ತಿಗೆಗೆ ಹಣೆಯಿಟ್ಟು ಸುಮ್ಮನೆ ನಿಂತಿದ್ದಳು. ಹಿಂದಿನ ದಿನ ಹಸು ಕೊಳ್ಳುವವನೊಬ್ಬ ವಿಚಾರಿಸಿಕೊಂಡು ಹೋಗಿದ್ದ. ನಾನು ಬಂದ ಸದ್ದಿಗೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ನೊಣ ಕಣವ್ವ, ಈ ಅಸಿಗೆ" ಎಂದಳು.

ನನಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಶನಿವಾರ ಮಧ್ಯಾಹ್ನ, ಅಕ್ಕ ಮಗಳ ಜೊತೆ ಮಂಡ್ಯಕ್ಕೆ ಕೈ ತೋರಿಸಲು ಹೋಗಿದ್ದಾಗ, ಅಜ್ಜಿ ಕಟ್ಟೆಯ ಮೇಲೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಕಲ್ಲು ಹೆಕ್ಕತೊಡಗಿದೆ.

"ಅಜ್ಜಿ, ಅವತ್ತು ಅಕ್ಕ ಕೇಳಿದ್ಳು, ಆಫ್ ಮಾಡ್ಲಾ ಅಂತ. ನಾನೇ ಬ್ಯಾಡ ಅಂದೆ."

ಅಜ್ಜಿ ಮೊರದಿಂದ ಕಣ್ಣೆತ್ತಲಿಲ್ಲ. "ಗೊತ್ತು."

"ಅಕ್ಕ ಯೋಳಿದ್ಳಾ?"

"ಅವ್ಳೆಲ್ ಯೋಳಾಳು? ನಾನ್ ಇಲ್ಲೇ, ಈ ಕಟ್ಟೆ ಮ್ಯಾಲೇ ಕುಂತಿರ್ನಿಲ್ವಾ? ನೀನ್ ಕೂಗಿದ್ದು ಮೂರ್ ಬೀದಿಗ್ ಕೇಳುಸ್ತು. ಪಾಠ ಮಾಡೋ ಗಂಟ್ಲು ಕಣಮ್ಮ ನಿಂದು."

ನನ್ನ ಕೈ ಹುರುಳಿಯಲ್ಲೇ ನಿಂತುಬಿಟ್ಟಿತು. "ಮತ್ಯಾಕ್ ಇಷ್ಟ್ ದಿನ ಏನೂ ಅನ್ನಿಲ್ಲ ನೀನು?"

"ಅನ್ಬೇಕು ಅಂತ್ಲೇ ಇದ್ದೆ. ಚೆನ್ನಾಗ್ ಬೈಯಣ ಅಂತ. ಬಾಯ್ಗ್ ಬಂದಿತ್ತು." ಅಜ್ಜಿ ಒಂದು ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ ಎಸೆದಳು. "ನೀನ್ ಬಂದು ಅಸೀನ್ ಕೈಲಿ ಒದುಸ್ಕಂಡೆ. ಎದ್ದೆ, ಇನ್ನೊಂದ್ ಕಿತ ಒದುಸ್ಕಂಡೆ. ಸಂಜ್ಗೆ ಮತ್ತೂ ಬಂದೆ. ಆಮ್ಯಾಕೆ ನಿಂಗ್ ಆಲ್ ಕರ್ಯದ್ ಕಲ್ಸದ್ರಲ್ಲೇ ಆಯ್ತು, ಬೈಯಕ್ ಪುರುಸೊತ್ತೆಲ್ಲಿ?"

ನಾನು ಅಳಲು ಶುರು ಮಾಡಿದೆ. ಅಜ್ಜಿ ಸಮಾಧಾನ ಮಾಡಲಿಲ್ಲ. ಮೊರವನ್ನು ನನ್ನ ತೊಡೆಯಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡಳು. "ಉಳ್ಳಿ ನೆನ್ದೋಯ್ತದೆ, ಅತ್ಲಾಗ್ ತಿರಿಕ್ಕೊಂಡ್ ಅಳು" ಎಂದಳು. ನಾನು ನಿಜವಾಗಿಯೂ ಅತ್ತ ತಿರುಗಿ ಅತ್ತೆ. ಅತ್ತು ಮುಗಿಯುವವರೆಗೆ ಅಜ್ಜಿ ಹುರುಳಿ ಆರಿಸುತ್ತಲೇ ಇದ್ದಳು.

ಕೊನೆಗೆ ಹೇಳಿದಳು. "ಕರೆಂಟೋದ್ರೆ ಆಫ್ ಮಾಡು ಅಂತ ಈ ಊರಲ್ಲಿ ಯಾರ್ ಅಂದಾರು? ನಾನಾಗಿದ್ರೂ ಬ್ಯಾಡ ಬುಡು ಅಂತ್ಲೇ ಕೂಗ್ತಿದ್ದೆ. ಈಗ ಎಲ್ರೂ ಕಲ್ತೋ, ಆಯ್ತು. ಒಂದ್ ಮಾತು. ಅವ್ಳ್ ಮುಂದೆ ಇದ ಎತ್ತಬ್ಯಾಡ. ಅವ್ಳು ಅಷ್ಟ್ ನೋವಲ್ಲೂ ನಿಂಗೋಸ್ಕರ ಒಂದ್ ಸುಳ್ಳು ಕಟ್ಟವ್ಳೆ. ಇರ್ಲಿ ಬುಡು ಅವಳ್ದು."

ಹೇಳದೆ ಉಳಿದದ್ದಕ್ಕೆ ಇವತ್ತಿಗೂ ಒಮ್ಮೊಮ್ಮೆ ಮುಜುಗರವಾಗುತ್ತದೆ. ಆದರೂ ಹೇಳಿಲ್ಲ. ಕೊಟ್ಟವರ ಕೈಗೇ ವಾಪಸು ತುರುಕಬಾರದಂಥ ವಸ್ತುಗಳೂ ಇರುತ್ತವೆ ಎಂದು ಅಜ್ಜಿಯಿಂದ ತಿಳಿಯಿತು.

ಮುಂದಿನ ವಾರ, ಮಂಗಳವಾರ ಸಂಜೆ, ನಾನು ಸೀರೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದರೆ ಅಕ್ಕ ಆಗಲೇ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ನೋಡವ್ವ ಇಲ್ಲಿ" ಎಂದು ಅಕ್ಕ ಬಲಗೈ ಚಾಚಿದಳು. ಹೆಬ್ಬೆರಳು ನಡುಗಿತು. ನಡುಗುತ್ತ ನಿಧಾನವಾಗಿ ಅಂಗೈ ಕಡೆ ಬಾಗಿತು. ಪೂರ್ತಿ ಅಲ್ಲ, ಅರ್ಧ. ಅಲ್ಲೇ ನಿಂತಿತು.

"ಮದ್ಯಾನದಿಂದ ಇಂಗೇ ಮಾಡ್ತಾ ಅದೆ. ಯೋಳಿದ್ರೆ ಎಲ್ಲಿ ದೃಷ್ಟಿ ಆಯ್ತದೋ ಅಂತ ಸುಮ್ನಿದ್ದೆ" ಎಂದಳು.

ಆಮೇಲೆ ಮೊಲೆತೊಟ್ಟನ್ನು ಹಿಡಿದಳು. ತುದಿಯಿಲ್ಲದ ಎರಡು ಬೆರಳು, ಅರ್ಧ ಮಡಚುವ ಹೆಬ್ಬೆರಳು. ಮೊದಲ ಹಿಂಡಿಗೆ ಏನೂ ಬರಲಿಲ್ಲ. ಎರಡನೆಯದಕ್ಕೆ ಸಣ್ಣ ಎಳೆಯೊಂದು ಬಂದು ಬಕೆಟ್ಟಿನಾಚೆ ನೆಲದ ಮೇಲೆ ಬಿತ್ತು. ಮೂರನೆಯದು ಬಕೆಟ್ಟಿನೊಳಗೆ ಬಿದ್ದು ಸದ್ದಾಯಿತು. ಹಸು ತಿರುಗಿ ಅಕ್ಕನನ್ನು ನೋಡಿತು, ಬೆನ್ನನ್ನು ಒಂದು ಸಲ ನೆಕ್ಕಿತು.

"ಬಂದ ಕಣವ್ವ ಡ್ಯೂಟಿಗೆ!" ಎಂದಳು ಅಕ್ಕ. ಹಣೆಯಲ್ಲಿ ಬೆವರು ಹನಿಯಿಡುತ್ತಿತ್ತು. ಒಂದು ಮೊಲೆ ಮುಗಿಸುವಷ್ಟರಲ್ಲಿ ಕೈ ಸೋತಿತು. ಉಳಿದದ್ದನ್ನು ನಾನು ಕರೆದೆ. ಇಬ್ಬರ ಮೈಯಲ್ಲೂ ಅಕ್ಕನದೇ ಸೀರೆ ಇದ್ದದ್ದು ಕಂಡು, "ಅಸಿಗೆ ತಲೆ ಕೆಟ್ಟೋಗದೆ ಇವತ್ತು, ಯಾರ್ ಯಾರು ಅಂತ" ಎಂದಳು ಅಜ್ಜಿ. ಮೂವರೂ ನಕ್ಕೆವು.

ಆ ರಾತ್ರಿ ಊಟ ಮಾಡಿದ್ದು ನೆನಪಿದೆ. ತಟ್ಟೆ ತೊಳೆದಿಟ್ಟದ್ದು ನೆನಪಿದೆ. ಮಲಗಿದ್ದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಏಳೂಮುಕ್ಕಾಲು. ಗಾಬರಿಯಾಗಿ ಎದ್ದೆ. ಹಸು, ಕ್ಯಾನು, ಬಸ್ಸು ಎಲ್ಲ ಒಟ್ಟಿಗೆ ತಲೆಗೆ ಬಂದವು. ಅಡುಗೆಮನೆಯಲ್ಲಿ ನನ್ನ ಗಂಡ ಸದ್ದಾಗದಂತೆ ಪಾತ್ರೆ ಇಡುತ್ತಿದ್ದರು.

"ಯಾಕೆಬ್ಬಿಸಲಿಲ್ಲ?"

"ಎಬ್ಬಿಸೋಕೆ ಬಂದೆ. ಅಜ್ಜಿ ಬಿಡಲಿಲ್ಲ. ಐದ್ ಗಂಟೆಯಿಂದ ನಮ್ಮನೆ ಬಾಗಿಲಲ್ಲೇ ಕೂತವ್ಳೆ, ಹೋಗಿ ನೋಡು. ಸೊಪ್ಪಿನವಳನ್ನೂ ಕೂಗೋಕೆ ಬಿಟ್ಟಿಲ್ಲ. ಅಕ್ಕ ಒಂದೊಂದ್ ಮೊಲೆ ಕರ್ದು, ಕೈಗೆ ಸುಧಾರಿಸ್ಕೊಂಡು ಸುಧಾರಿಸ್ಕೊಂಡು ತಾನೇ ಮುಗಿಸಿದ್ಳಂತೆ. ಡೇರಿಯವನು ಹಾಲು ಬರೋ ತನಕ ಬಾಗಿಲು ಹಾಕ್ದೆ ಕಾದಿದ್ದ."

ಬಾಗಿಲು ತೆರೆದೆ. ಅಜ್ಜಿ ಮೆಟ್ಟಿಲ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದಳು. ತಿರುಗಿ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು.

"ನಿದ್ದೆ ಬಂತಾ?"

"ಬಂತಜ್ಜಿ."

"ಊಂ" ಎಂದಳು. ಕೋಲೂರಿ ಎದ್ದಳು. "ಇನ್ ನನ್ ಸರದಿ. ಎಲ್ಡ್ ತಿಂಗ್ಳಿಂದ ರಾತ್ರಿಯೆಲ್ಲ ನಿಮ್ಮನೆ ಲೈಟ್ ಉರ್ಯದ್ ನೋಡಿ ನೋಡಿ ನಂಗೂ ನಿದ್ದೆ ಇಲ್ಲ." ಹೀಗೆಂದು, ಗೋಡೆ ಹಿಡಿದುಕೊಂಡು ತನ್ನ ಮನೆಯ ಕಡೆ ನಡೆದಳು.